ಹೊಟ್ಟೆಯ ಬಾಗಿಲು ಕಾಯ್ದ ಮಳೆಗಾಲ

ಕಳೆದ ವಾರ ಹತ್ತನೇ ತರಗತಿಯ ಮಕ್ಕಳಿಗೆ ಎಲೆಯಲ್ಲಿ ಪಿಷ್ಟ ಇರುವುದನ್ನು ತೋರಿಸುವ ಪ್ರಯೋಗ ಮಾಡುತ್ತಿದ್ದೆ. ದಾಸವಾಳದ ಎಲೆಯನ್ನು ಸ್ಪಿರಿಟ್ಟಿನಲ್ಲಿ ಕುದಿಸಿ, ಹಸಿರೆಲ್ಲ ಬಿಟ್ಟು ಬಿಳಿಚಿಕೊಂಡ ಮೇಲೆ ಅದಕ್ಕೆ ಅಯೋಡಿನ್ ಹನಿಸಬೇಕು. ಬಾಟಲಿಯ ಮುಚ್ಚಳ ತಿರುವಿದೆ. ಆ ವಾಸನೆ ಮೂಗಿಗೆ ಬಂದದ್ದೇ ಕೈ ಅಲ್ಲೇ ನಿಂತಿತು. ಮುಂದಿನ ಬೆಂಚಿನ ಹುಡುಗಿ "ಮಿಸ್, ಹಾಕ್ರಿ" ಎಂದಳು. ಹಾಕಿದೆ. ಎಲೆ ನೀಲಿಗಪ್ಪಾಯಿತು, ಮಕ್ಕಳು ಬರೆದುಕೊಂಡರು, ಗಂಟೆ ಹೊಡೆಯಿತು. ನಾನು ಮಾತ್ರ ಉಳಿದ ದಿನವೆಲ್ಲ ಹರಿಹರದ ನಮ್ಮ ಮನೆಯಲ್ಲಿ, ಕೆಲವು ವರ್ಷಗಳ ಹಿಂದಿನ ಆ ಒಂದು ಮಳೆಗಾಲದಲ್ಲೇ ಇದ್ದೆ.

ನನ್ನ ಗಂಡ ಹಾಲೇಶ್ ಹರಿಹರದಲ್ಲಿ ಒಂದು ಸಣ್ಣ ಲೇತ್ ವರ್ಕ್‌ಶಾಪ್ ಇಟ್ಟಿದ್ದಾರೆ. ಪಂಪ್‌ಸೆಟ್ಟಿನ ಶಾಫ್ಟು, ಟ್ರಾಕ್ಟರಿನ ಬುಷ್ಷು, ಕಬ್ಬಿನ ಗಾಣದ ರೋಲರು, ಇಂಥವನ್ನು ಯಂತ್ರದಲ್ಲಿ ಕಡೆದು ಕೊಡುವ ಕೆಲಸ. ನಾನು ದಾವಣಗೆರೆಯಲ್ಲಿ ಎಸ್.ಎಸ್. ಬಡಾವಣೆಯ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ನಮಗೆ ಮಕ್ಕಳಿಲ್ಲ. ಮನೆಯಲ್ಲಿ ನಾವಿಬ್ಬರು, ಮತ್ತು ನಮ್ಮ ಅತ್ತೆ ಗಂಗಮ್ಮ.

ಆ ವರ್ಷ ಬೇಸಿಗೆಯಲ್ಲಿ ಹಾಲೇಶ್ ಅವರ ಕಾಲು ಊದಿಕೊಳ್ಳತೊಡಗಿತು. ನಿಂತು ಮಾಡುವ ಕೆಲಸ, ಊದುತ್ತದೆ ಎಂದುಕೊಂಡೆವು. ಆಮೇಲೆ ಊಟ ಸೇರದಾಯಿತು, ವಾಂತಿ ಶುರುವಾಯಿತು. ದಾವಣಗೆರೆಯ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಎರಡೂ ಮೂತ್ರಪಿಂಡ ಸೋತುಹೋಗಿವೆ ಎಂದರು. ಎಷ್ಟೋ ವರ್ಷಗಳಿಂದ ರಕ್ತದೊತ್ತಡ ಸದ್ದಿಲ್ಲದೆ ಅವನ್ನು ತಿಂದು ಹಾಕಿತ್ತಂತೆ. ತಕ್ಷಣ ಮೆಷಿನ್ನಿನ ಡಯಾಲಿಸಿಸ್ ಮಾಡಿ ಜೀವ ಉಳಿಸಿದರು. ಕೆಲವು ವಾರ ವಾರ್ಡು, ಮನೆ, ವಾರ್ಡು ಎಂದು ಓಡಾಡಿದ ಮೇಲೆ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು, ಇನ್ನೊಂದು ದಾರಿಯೂ ಇದೆ, ಮನೆಯಲ್ಲೇ ಮಾಡಿಕೊಳ್ಳುವಂಥದ್ದು ಎಂದರು.

"ನಮ್ಮ ಹೊಟ್ಟೆ ಒಳಗೆ ಕರುಳನ್ನೆಲ್ಲ ಸುತ್ತಿಕೊಂಡು ಒಂದು ತೆಳು ಪೊರೆ ಇರ್ತದೆ. ಒಂದು ಸಣ್ಣ ಕೊಳವೆ ಇಟ್ಟು ಆ ಜಾಗಕ್ಕೆ ಸಕ್ಕರೆ ಅಂಶದ ದ್ರವ ತುಂಬಿಸ್ತೀವಿ. ರಕ್ತದಾಗಿನ ಕಸ, ಹೆಚ್ಚಿನ ನೀರು, ಎಲ್ಲ ಆ ಪೊರೆ ದಾಟಿ ದ್ರವಕ್ಕೆ ಬರ್ತದೆ. ಕೆಲವು ಗಂಟೆ ಬಿಟ್ಟು ಅದನ್ನ ಹೊರಗೆ ಬಿಟ್ಟು ಹೊಸದು ತುಂಬಿಸೋದು. ದಿನಕ್ಕೆ ನಾಲ್ಕು ಸಲ. ಅಷ್ಟೇ."

ಆಲೂಗಡ್ಡೆ ಕೊರೆದು ಸಕ್ಕರೆ ನೀರು ತುಂಬಿಸಿ, ಹೊರಗಿನ ನೀರು ಅದರ ಗೋಡೆ ದಾಟಿ ಒಳಗೆ ಏರುವುದನ್ನು ನಾನು ಎಷ್ಟು ತಂಡದ ಮಕ್ಕಳಿಗೆ ತೋರಿಸಿದ್ದೇನೋ. ಪೊರೆ ಆರಿಸಿ ಆರಿಸಿ ಬಿಡುತ್ತದೆ ಎಂದು ಬೋರ್ಡಿನ ಮೇಲೆ ಬಾಣದ ಗುರುತು ಎಳೆದಿದ್ದೇನೆ. ಅದೇ ಕೆಲಸವನ್ನು ನನ್ನ ಗಂಡನ ಹೊಟ್ಟೆಯೊಳಗಿನ ಪೊರೆ, ಅವರು ಲೇತಿನ ಮುಂದೆ ನಿಂತಿರುವಾಗ, ಉಣ್ಣುವಾಗ, ಮಲಗಿರುವಾಗ ಮಾಡಿಕೊಂಡು ಹೋಗಬಲ್ಲದು ಎಂದರೆ ನಂಬಲಾಗಲಿಲ್ಲ. ಮೂತ್ರಪಿಂಡಕ್ಕೆ ಸಂಬಂಧವೇ ಇಲ್ಲದ ಒಂದು ಪೊರೆ ಅದರ ಕೆಲಸವನ್ನು ಹೊತ್ತುಕೊಳ್ಳಲು ತಯಾರಾಗಿ ಕೂತಿದೆ. ಇಷ್ಟು ವರ್ಷ ಪಾಠ ಮಾಡಿದ್ದರೂ ಶರೀರದ ಎದುರು ಅವತ್ತಿನಷ್ಟು ಸಣ್ಣವಳಾಗಿ ನಾನು ಎಂದೂ ಕೂತಿರಲಿಲ್ಲ.

ಹಾಲೇಶ್ ಒಂದೇ ಮಾತು ಕೇಳಿದರು. "ಕೆಲಸ ಮಾಡಬೌದಾ ಸರ್?"

"ಮಾಡಬಹುದು. ಆದರೆ ಒಂದು ಅಪಾಯ ಇದೆ. ಸೋಂಕು. ಅದರ ಬಗ್ಗೆ ನಮ್ಮ ಸಿಸ್ಟರ್ ಹೇಳ್ತಾರೆ. ಅವರು ಒಪ್ಪಿದ ಮೇಲೇ ನಿಮ್ಮನ್ನ ಮನೆಗೆ ಕಳಿಸೋದು."

ಆ ಸಿಸ್ಟರ್ ಹೆಸರು ಶಾಹಿದಾ. ದಾವಣಗೆರೆಯಲ್ಲೇ ಹುಟ್ಟಿ ಬೆಳೆದವರು, ನಮ್ಮ ವಯಸ್ಸಿನವರು. ಮನೆಯಲ್ಲಿ ಉರ್ದು, ನಮ್ಮ ಜೊತೆ ಅಪ್ಪಟ ದಾವಣಗೆರೆ ಕನ್ನಡ. ಕೊಳವೆ ಇಟ್ಟು ಗಾಯ ಮಾಯುವವರೆಗೆ ಅವರೇ ನಮಗೆ ಪಾಠ ಹೇಳಿಕೊಟ್ಟರು. ಮೊದಲ ದಿನ ಚೀಲವನ್ನೂ ತೋರಿಸಲಿಲ್ಲ, ಕೊಳವೆಯನ್ನೂ ಮುಟ್ಟಿಸಲಿಲ್ಲ. ಹಾಲೇಶ್ ಅವರ ಎರಡೂ ಕೈಯನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿಸಿ ತಿರುಗಿಸಿ ನೋಡಿದರು.

ಎಷ್ಟೋ ವರ್ಷದ ಗ್ರೀಸು ಅಂಗೈಯ ಗೆರೆಗಳಲ್ಲಿ ಕಪ್ಪಾಗಿ ಕೂತಿತ್ತು. ಉಗುರಿನ ಬುಡದಲ್ಲಿ ಕಬ್ಬಿಣದ ಪುಡಿ. ಹೆಬ್ಬೆರಳ ಪಕ್ಕ ಸೀಳಿದ ಚರ್ಮ.

"ಏನು ಹಾಕಿ ತೊಳೀತೀರಿ ಅಣ್ಣಾರೆ?"

"ಸೀಮೆಎಣ್ಣೆ, ಮರದ ಹೊಟ್ಟು."

"ಇವತ್ತಿಂದ ಅದು ಬ್ಯಾಡ. ಬಿರುಕು ಬಿಟ್ಟ ಚರ್ಮದಾಗೆ ರೋಗದ ಹುಳ ಮನೆ ಮಾಡ್ಕೊಂಡು ಕೂತ್ಕೊಂತಾವೆ." ಆಮೇಲೆ ಕುರ್ಚಿ ಎಳೆದುಕೊಂಡು ಕೂತು ಹೇಳಿದರು. "ನೋಡ್ರಿ, ಹೊಟ್ಟೆ ಒಳಗೆ ದೇವರು ಯಾವ ಬಾಗಿಲೂ ಇಟ್ಟಿಲ್ಲ. ಎಲ್ಲಾ ಕಡೆ ಮುಚ್ಚಿದ ಕೋಣೆ ಅದು. ನಾವೀಗ ಒಂದು ಬಾಗಿಲು ಇಟ್ಟೀವಿ. ಬಾಗಿಲು ಅಂದ ಮೇಲೆ ನಿಮ್ಮ ದ್ರವ ಒಂದೇ ಬರಲ್ಲ, ಯಾರ್ ಬೇಕಾದ್ರೂ ಬರ್ತಾರೆ. ಕೈ ಮ್ಯಾಲಿಂದ ಬರ್ತಾರೆ, ಉಸಿರಿಂದ ಬರ್ತಾರೆ, ಫ್ಯಾನ್ ಗಾಳಿಯಾಗಿನ ಧೂಳಿಂದ ಬರ್ತಾರೆ. ಒಳಗೆ ಬೆಚ್ಚಗೈತೆ, ಸಕ್ಕರೆ ನೀರೈತೆ. ಒಮ್ಮೆ ಹೊಕ್ಕರೆ ಹೋಗು ಅಂದ್ರೆ ಹೋಗಲ್ಲ. ಬಾಗಿಲು ತೆಗೆದಾಗೆಲ್ಲ ಕಾಯಬೇಕು. ನೀವೂ ಕಾಯಬೇಕು, ಅಕ್ಕಾರೂ ಕಾಯಬೇಕು."

ಕಲಿತೆವು. ಕಿಟಕಿ ಬಾಗಿಲು ಹಾಕುವುದು, ಫ್ಯಾನ್ ಆರಿಸುವುದು, ಇಬ್ಬರೂ ಮಾಸ್ಕ್ ಕಟ್ಟಿಕೊಳ್ಳುವುದು. ಬೆರಳ ಸಂದು, ಉಗುರಿನ ಬುಡ, ಹೆಬ್ಬೆರಳ ಸುತ್ತ, ಮಣಿಕಟ್ಟಿನವರೆಗೆ ಸೋಪು ಹಾಕಿ ತೊಳೆದು ಒಣ ಬಟ್ಟೆಯಲ್ಲಿ ಒರೆಸುವುದು. ಹೊಸ ಚೀಲದ ಬಾಯಿ ಮತ್ತು ಹೊಟ್ಟೆಯ ಕೊಳವೆಯ ಬಾಯಿ ಎರಡನ್ನೂ ತೆರೆದು ಜೋಡಿಸುವ ಆ ಚಣದಲ್ಲಿ ತುದಿಗೆ ಏನೂ ತಾಕಬಾರದು. ತಾಕಿತೋ, ತಾಕಿತು ಎಂದು ಒಪ್ಪಿಕೊಂಡು ನಿಲ್ಲಿಸಿ ಫೋನ್ ಮಾಡಬೇಕು. ಮುಗಿದ ಮೇಲೆ ಕೊಳವೆಗೆ ಅಯೋಡಿನ್ನಿನಲ್ಲಿ ನೆನೆಸಿದ ಪುಟ್ಟ ಮುಚ್ಚಳ ಹಾಕಬೇಕು. ಹೊಟ್ಟೆಯಿಂದ ಕೊಳವೆ ಹೊರಬರುವ ತೂತನ್ನು ದಿನವೂ ಶುಚಿ ಮಾಡಿ ಮುಲಾಮು ಹಚ್ಚಬೇಕು. ಕೆರೆ, ಹೊಳೆ, ತೊಟ್ಟಿ ಎಲ್ಲೂ ಮುಳುಗಬಾರದು. ಕೊನೆಯದು, ಹೊರಗೆ ಬಂದ ದ್ರವದ ಚೀಲವನ್ನು ಪೇಪರಿನ ಮೇಲಿಟ್ಟು ನೋಡಬೇಕು. ಚೀಲದೊಳಗಿಂದ ಅಕ್ಷರ ಓದಲು ಬಂದರೆ ಸರಿ. ಓದಲು ಬಾರದಷ್ಟು ಕದಡಿದ್ದರೆ ಒಳಗೆ ಯಾರೋ ಹೊಕ್ಕಿದ್ದಾರೆ ಎಂದು ಅರ್ಥ.

ಮನೆಗೆ ಬಂದಾಗ ಮುಂಗಾರು ಹಿಡಿದಿತ್ತು. ದ್ರವ ಬದಲಿಸುವುದಕ್ಕೆಂದು, ಜೋಳ, ಅಕ್ಕಿಯ ಚೀಲ ಇಡುತ್ತಿದ್ದ ಕೋಣೆಯನ್ನು ಖಾಲಿ ಮಾಡಿ ಸುಣ್ಣ ಹೊಡೆಸಿದ್ದೆವು. ಇಲಿಗೆಂದು ಅಲ್ಲಿ ಓಡಾಡಿಕೊಂಡಿದ್ದ ಬೆಕ್ಕನ್ನು ಅತ್ತೆ ಪಕ್ಕದ ಬೀದಿಗೆ ಬಿಟ್ಟು ಬಂದರು, ಅದು ಮರುದಿನವೇ ವಾಪಸು ಬಂದು ಆ ಕೋಣೆಯ ಬಾಗಿಲ ಹೊರಗೆ ಕೂತಿತು. ಹೊರಹೋಗುವ ದ್ರವದ ಜೊತೆ ದೇಹದ ಪ್ರೋಟೀನೂ ಹೋಗುತ್ತದೆ, ಮೊಟ್ಟೆ ತಿನ್ನಿಸಿ ಎಂದು ಡಾಕ್ಟರು ಹೇಳಿದ್ದರು. ನಮ್ಮ ಮನೆಯ ಹೊಸ್ತಿಲನ್ನು ಮೊಟ್ಟೆ ಎಂದೂ ದಾಟಿರಲಿಲ್ಲ. ಅತ್ತೆ ಒಂದು ದಿನ ಯೋಚಿಸಿ ಹಿತ್ತಿಲಲ್ಲಿ ಮೂರು ಕಲ್ಲಿಟ್ಟು ಬೇರೆ ಪಾತ್ರೆ ತಂದರು. "ಅಡಿಗೆಮನಿ ಬ್ಯಾರೆ, ಇದು ಔಷಧಿ" ಎಂದು ತಮಗೆ ತಾವೇ ಹೇಳಿಕೊಂಡು ಬೇಯಿಸಿದರು. ಆಮೇಲೆ ಆ ವಿಷಯ ಮನೆಯಲ್ಲಿ ಮತ್ತೆ ಬರಲಿಲ್ಲ.

ವಿಭೂತಿಯ ವಿಷಯ ಅಷ್ಟು ಸುಲಭವಾಗಿ ಮುಗಿಯಲಿಲ್ಲ. ಅತ್ತೆ ತುಂಗಭದ್ರೆಯ ದಡದಲ್ಲಿ ಗದ್ದುಗೆ ಇರುವ ಉಕ್ಕಡಗಾತ್ರಿ ಅಜ್ಜಯ್ಯನ ಒಕ್ಕಲು. ಮಗ ಆಸ್ಪತ್ರೆ ಸೇರಿದ ದಿನವೇ ಹರಕೆ ಹೊತ್ತಿದ್ದರು, ಮಗ ಬದುಕಿ ಬಂದರೆ ಉಕ್ಕಡಗಾತ್ರಿಗೆ ಕರೆದುಕೊಂಡು ಹೋಗಿ ಹೊಳೆಯಲ್ಲಿ ಮುಳುಗಿಸಿ ಗದ್ದುಗೆಗೆ ಕೈ ಮುಗಿಸುತ್ತೇನೆ ಎಂದು. ಅಲ್ಲಿಯವರೆಗೆ ಇರಲಿ ಎಂದು ಯಾರ ಕೈಯಲ್ಲೋ ಅಜ್ಜಯ್ಯನ ವಿಭೂತಿ ತರಿಸಿದ್ದರು. ಒಂದು ಬೆಳಿಗ್ಗೆ ನಾನು ಕೊಳವೆಯ ಸುತ್ತ ಶುಚಿ ಮಾಡುತ್ತಿದ್ದಾಗ ಬಾಗಿಲಲ್ಲಿ ನಿಂತು ಕೇಳಿದರು.

"ವಿಜಯಾ, ಆ ತೂತಿನ ಸುತ್ತ ಒಂದೀಟು ವಿಭೂತಿ ಹಚ್ಚಲೇನು?"

"ಬ್ಯಾಡ ಅತ್ತೆ. ಅಲ್ಲಿ ಏನೂ ಹಚ್ಚಂಗಿಲ್ಲ."

"ಅಜ್ಜಯ್ಯನ ವಿಭೂತಿನಾಗೂ ಹುಳ ಇರ್ತಾವೇನೇ?"

ಮಲಗಿದ್ದ ಹಾಲೇಶ್ ತಲೆ ಎತ್ತಿದರು. "ಅವ್ವ, ನನ್ನ ಹಣೆಗೆ ಹಚ್ಚು. ಅಜ್ಜಯ್ಯ ಅಲ್ಲಿಂದ ನೋಡ್ಕೊಂತಾನೆ. ಹೊಟ್ಟೆ ಇವಳಿಗೆ ನೋಡ್ಕೊಳ್ಳಾಕೆ ಬಿಡು."

ಅಂದಿನಿಂದ ಅತ್ತೆ ದಿನಾ ಬೆಳಿಗ್ಗೆ ಮಗನ ಹಣೆಗೆ ವಿಭೂತಿ ಹಚ್ಚುತ್ತಿದ್ದರು. ಹೊಳೆಯ ಹರಕೆ ಮಾತ್ರ ಅವರ ಎದೆಯಲ್ಲಿ ಕೂತೇ ಇತ್ತು. ಹೊಳೆಯಲ್ಲಿ ಮುಳುಗಬಾರದು ಎಂಬ ಮಾತು ಅವರ ಕಿವಿಗೂ ಬಿದ್ದಿತ್ತು. ಅವರೂ ನಾನೂ ಆ ಬಗ್ಗೆ ಮಾತೆತ್ತುತ್ತಿರಲಿಲ್ಲ.

ಗಾಯ ಪೂರ್ತಿ ಮಾಯ್ದ ಮೇಲೆ ಹಾಲೇಶ್ ಮತ್ತೆ ಲೇತಿನ ಮುಂದೆ ನಿಂತರು. ಅತ್ತೆ ಮೆತ್ತನೆ ಬಟ್ಟೆಯ ಪಟ್ಟಿ ಹೊಲಿದುಕೊಟ್ಟಿದ್ದರು, ಕೊಳವೆ ಅದರೊಳಗೆ ಸುರುಳಿ ಸುತ್ತಿಕೊಂಡು ಅಂಗಿಯ ಕೆಳಗೆ ಮಲಗಿರುತ್ತಿತ್ತು. ತಿರುಗುವ ಯಂತ್ರದ ಮುಂದೆ ಕೈಗವಸು ಹಾಕುವಂತಿಲ್ಲ, ಎಳೆದುಕೊಂಡುಬಿಡುತ್ತದೆ. ಹಾಗಾಗಿ ಬರಿಗೈಯಲ್ಲೇ ಕೆಲಸ. ಮಧ್ಯಾಹ್ನದ ಹೊತ್ತಿಗೆ ಮನೆಗೆ ಬಂದು ಹಿತ್ತಿಲ ನಲ್ಲಿಯ ಮುಂದೆ ನಿಂತರೆ ಅವರ ಕೈತೊಳೆತ ಮುಗಿಯುತ್ತಲೇ ಇರಲಿಲ್ಲ. ಮೊದಲು ಎಣ್ಣೆ ಹಚ್ಚಿ ಗ್ರೀಸು ಬಿಡಿಸುವುದು, ಆಮೇಲೆ ಸೋಪು, ಬ್ರಷ್ಷು, ಮತ್ತೆ ಸೋಪು. ಆಮೇಲೆ ಕೋಣೆಯೊಳಗೆ ಬಂದು ಮಾಸ್ಕ್ ಕಟ್ಟಿಕೊಂಡು, ಇದುವರೆಗೆ ತೊಳೆದದ್ದೇನೂ ಲೆಕ್ಕಕ್ಕಿಲ್ಲವೆಂಬಂತೆ, ಶಾಹಿದಾ ಹೇಳಿಕೊಟ್ಟ ಹಾಗೆ ಹೊಸದಾಗಿ ತೊಳೆಯುವುದು. ನಾನು ಶಾಲೆಯಲ್ಲಿರುವ ದಿನ ಅವರೊಬ್ಬರೇ ಮಾಡಿಕೊಳ್ಳುತ್ತಿದ್ದರು. ರಜೆಯ ದಿನ ನಿಂತು ನೋಡುತ್ತಿದ್ದೆ. ಸಿಡುಕಿಲ್ಲ, ಅವಸರವಿಲ್ಲ. ಮದುವೆಯಾಗಿ ಅಷ್ಟು ವರ್ಷಕ್ಕೆ ನನ್ನ ಗಂಡನ ಅಂಗೈಯ ಗೆರೆಗಳನ್ನು ನಾನು ಮೊದಲ ಸಲ ಸ್ಪಷ್ಟವಾಗಿ ನೋಡಿದ್ದು ಆ ಮಳೆಗಾಲದಲ್ಲಿ.

ಶ್ರಾವಣದ ಹೊತ್ತಿಗೆ ಮೇಲಿನ ಸೀಮೆಯಲ್ಲಿ ಮಳೆ ಜೋರಾಯಿತು. ಅಣೆಕಟ್ಟಿನಿಂದ ನೀರು ಬಿಟ್ಟರು. ತುಂಗಭದ್ರೆ ಕೆಂಪಗೆ ಉಬ್ಬಿ ದಡ ಮೀರಿ ಹರಿಯತೊಡಗಿತು. ಬಸ್ಸು ಸೇತುವೆಯ ಹತ್ತಿರ ಬಂದಾಗ ಜನ ಮಾತು ನಿಲ್ಲಿಸಿ ಕಿಟಕಿಗೆ ಬಗ್ಗುತ್ತಿದ್ದರು. ಇಡೀ ಮರಗಳು, ಬೇಲಿಗಳು, ಯಾರದೋ ಹುಲ್ಲಿನ ಬಣವೆ ತೇಲಿ ಹೋಗುತ್ತಿದ್ದವು. ಮನೆಯ ನಲ್ಲಿಯಲ್ಲೂ ಕೆಸರು ಬಣ್ಣದ ನೀರು ಬಂತು. ಶಾಹಿದಾಗೆ ಫೋನ್ ಮಾಡಿದೆವು. ಕುದಿಸಿ ಆರಿಸಿದ ನೀರಿನಲ್ಲಿ ಕೈ ತೊಳೆದು, ಒರೆಸಿ, ಮೇಲೆ ಸ್ಯಾನಿಟೈಸರ್ ಹಚ್ಚಿಕೊಳ್ಳಿ ಎಂದರು. ಅತ್ತೆ ದಿನವಿಡೀ ಒಲೆಯ ಮೇಲೆ ಹಂಡೆ ಇಟ್ಟು ನೀರು ಕುದಿಸಿದರು. ಮನೆಯಲ್ಲಿ ಯಾವುದೂ ಒಣಗುತ್ತಿರಲಿಲ್ಲ. ಗೋಡೆಯ ಮೇಲೆ ಬೂಷ್ಟು ಬಂತು, ಉಜ್ಜಿದೆ, ಮತ್ತೆ ಬಂತು. ನಾನು ಮಕ್ಕಳಿಗೆ ಸೂಕ್ಷ್ಮದರ್ಶಕದಲ್ಲಿ ಕೆರೆ ನೀರಿನ ಹನಿ ತೋರಿಸಿ "ನೋಡಿ, ಎಷ್ಟು ಚಂದ ಓಡಾಡ್ತಾವೆ" ಎನ್ನುತ್ತಿದ್ದವಳು. ಈಗ ಗಾಳಿ, ಗೋಡೆ, ನೀರು, ನನ್ನ ಸ್ವಂತ ಉಸಿರು, ಎಲ್ಲವೂ ಜೀವದಿಂದ ಗಿಜಿಗುಡುತ್ತಿರುವಂತೆ ಕಾಣುತ್ತಿತ್ತು. ನೋಡಲು ಸಿಗದ ಆ ಅಪಾರ ಜನದ ನಡುವೆ ನಾವು ಮೂವರು ಒಂದು ಸಣ್ಣ ಬಾಗಿಲು ಕಾಯುತ್ತ ಕೂತಿದ್ದೆವು.

ಒಂದು ಭಾನುವಾರ ಬೆಳಿಗ್ಗೆ ಹಾಲೇಶ್ ಎದ್ದಾಗಲೇ ಹೊಟ್ಟೆ ಹಿಡಿದುಕೊಂಡಿದ್ದರು. ಮೈ ಬಿಸಿಯಾಗಿತ್ತು. ಕೈ ತೊಳೆದು ದ್ರವ ಹೊರಗೆ ಬಿಟ್ಟರು. ನಾನು ಚೀಲ ಎತ್ತಿ ಪೇಪರಿನ ಮೇಲಿಟ್ಟೆ. ಅಕ್ಕಿ ತೊಳೆದ ನೀರಿನ ಹಾಗಿತ್ತು. ದೊಡ್ಡ ಅಕ್ಷರದ ಹೆಡ್ಡಿಂಗೂ ಕಾಣಲಿಲ್ಲ.

ಅವರು ನನ್ನ ಮುಖ ನೋಡಿದರು. "ಬಂದೈತಾ?" ಎಂದರು, ನೆಂಟರು ಬಂದರಾ ಎಂದು ಕೇಳುವ ದನಿಯಲ್ಲಿ.

"ಬಂದೈತೆ."

ಶಾಹಿದಾ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಈಗಲೇ ಬರ್ರಿ. ಆ ಚೀಲ ಚೆಲ್ಲಬ್ಯಾಡ್ರಿ, ತಗೊಂಡು ಬರ್ರಿ." ಪಕ್ಕದ ಮನೆಯವರ ಕಾರಿನಲ್ಲಿ ಹೊರಟೆವು. ಅತ್ತೆ ಆ ಕದಡಿದ ಚೀಲವನ್ನು ಟವೆಲಿನಲ್ಲಿ ಸುತ್ತಿ ತಮ್ಮ ಮಡಿಲಲ್ಲಿಟ್ಟುಕೊಂಡು ಕೂತರು. ಅದು ಇನ್ನೂ ಮಗನ ಮೈಯಷ್ಟೇ ಬೆಚ್ಚಗಿತ್ತು. ದಾವಣಗೆರೆ ಮುಟ್ಟುವವರೆಗೆ ಅವರು ಅದರ ಮೇಲಿಂದ ಕೈ ತೆಗೆಯಲಿಲ್ಲ.

ಆಸ್ಪತ್ರೆಯಲ್ಲಿ ಚೀಲದಿಂದ ಮಾದರಿ ತೆಗೆದು ಲ್ಯಾಬಿಗೆ ಕಳಿಸಿ, ವರದಿಗೆ ಕಾಯದೆ ಔಷಧ ಶುರು ಮಾಡಿದರು. ನರಕ್ಕಾಗಲಿ ಬಾಯಿಗಾಗಲಿ ಕೊಡಲಿಲ್ಲ. ಹೊಸ ದ್ರವದ ಚೀಲಕ್ಕೇ ಆಂಟಿಬಯಾಟಿಕ್ ಸೇರಿಸಿ ಹೊಟ್ಟೆಗೆ ತುಂಬಿಸಿದರು. ಕಳ್ಳ ಹೊಕ್ಕ ಬಾಗಿಲಿನಿಂದಲೇ ಪೊಲೀಸರನ್ನೂ ಕಳಿಸೋದು ಎಂದು ಶಾಹಿದಾ ಅತ್ತೆಗೆ ವಿವರಿಸಿದರು.

ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಉಳಿದದ್ದನ್ನು ಹೇಳಿದರು. ಕೆಲವೇ ದಿನದಲ್ಲಿ ದ್ರವ ತಿಳಿಯಾಗಬೇಕು. ಆಗದಿದ್ದರೆ ಕೊಳವೆ ತೆಗೆಯಲೇಬೇಕು. ತಡ ಮಾಡಿದರೆ ಜೀವಕ್ಕೇ ಅಪಾಯ. ಕೊಳವೆ ತೆಗೆದ ಮೇಲೆ ಪೊರೆ ಸುಟ್ಟ ಚರ್ಮದ ಹಾಗೆ ಗಟ್ಟಿಯಾಗಿಬಿಟ್ಟಿದ್ದರೆ ಈ ದಾರಿ ಮತ್ತೆ ತೆರೆಯುವುದಿಲ್ಲ.

ವಾರ್ಡಿನ ಕಿಟಕಿಯ ಪಕ್ಕ ಹಾಲೇಶ್ ಅವರ ಮಂಚ. ನೋವು ಬಂದಾಗ ಮಂಡಿಯನ್ನು ಹೊಟ್ಟೆಗೆ ಮಡಚಿಕೊಂಡು ಮಲಗುತ್ತಿದ್ದರು. ಚೀಲ ಬದಲಿಸುವ ಹೊತ್ತಾದರೆ ಆ ನೋವಿನಲ್ಲೂ ಎದ್ದು ಕೂತು, ಸಿಸ್ಟರ್‌ಗಳು ಮಾಡುತ್ತೇವೆ ಎಂದರೂ ಬಿಡದೆ, ತಾವೇ ಕೈ ತೊಳೆದು ತಾವೇ ಜೋಡಿಸುತ್ತಿದ್ದರು. "ನನ್ನ ಬಾಗಿಲು, ನಾನೇ ತೆಗೀತೀನಿ" ಎನ್ನುತ್ತಿದ್ದರು. ಜ್ವರದಲ್ಲಿ ಮೈಯೆಲ್ಲ ನಡುಗುತ್ತಿತ್ತು. ಜೋಡಿಸುವ ಆ ಚಣದಲ್ಲಿ ಮಾತ್ರ ಎರಡೂ ಕೈ ಕಲ್ಲಿನ ಹಾಗೆ ನಿಲ್ಲುತ್ತಿದ್ದವು. ಅದು ಹೇಗೆ ಸಾಧ್ಯವಾಗುತ್ತಿತ್ತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಅತ್ತೆ ಮಂಚದ ಪಕ್ಕ ನೆಲದಲ್ಲಿ ಕೂತು, ಹೊರಬಂದ ಪ್ರತಿ ಚೀಲದ ಅಡಿ ಪೇಪರ್ ಹಿಡಿಯುವ ಕೆಲಸವನ್ನು ತಾವೇ ವಹಿಸಿಕೊಂಡರು. ಅವರಿಗೆ ಓದಲು ಬರುವುದಿಲ್ಲ. ಪ್ರತಿ ಸಲ ನನ್ನನ್ನೇ ಕೇಳುತ್ತಿದ್ದರು. "ಅಕ್ಷರ ಕಾಣ್ತಾವೇನು?"

"ಇಲ್ಲ ಅತ್ತೆ."

ಊಟವನ್ನು ಅರ್ಧಕ್ಕೆ ಬಿಡತೊಡಗಿದರು. ಕೇಳಿದರೆ ಹಸಿವಿಲ್ಲ ಎನ್ನುತ್ತಿದ್ದರು. ಮರುದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಡಾಕ್ಟರು ರೌಂಡ್ಸಿಗೆ ಬಂದು ಚೀಲ ಎತ್ತಿ ಬೆಳಕಿಗೆ ಹಿಡಿದು ನೋಡಿ ಮುಂದೆ ಹೋದರು. ಆಪರೇಷನ್ ಥಿಯೇಟರಿಗೆ ಹೇಳಿ ಇಟ್ಟಿದ್ದಾರೆ ಎಂದು ಶಾಹಿದಾ ಮೆಲ್ಲಗೆ ನನ್ನ ಕಿವಿಯಲ್ಲಿ ಹೇಳಿದರು.

ಅದರ ಮಾರನೆಯ ಬೆಳಿಗ್ಗೆ ನಾನು ಕ್ಯಾಂಟೀನಿನಿಂದ ಕಾಫಿ ತಂದೆ. ಅತ್ತೆ ನೆಲದ ಮೇಲೆ ಚೀಲಕ್ಕೆ ಮುಖ ತಾಗುವಷ್ಟು ಬಗ್ಗಿ ಕೂತಿದ್ದರು.

"ವಿಜಯಾ, ಇಲ್ಲಿ ಬಾ. ಒಂದು ದುಂಡಂದು ಕಾಣ್ತೈತೆ. ಅದರ ನಡುವೆ ಒಂದು ಚುಕ್ಕಿ ಐತೆ. ಅದು ಯಾವ ಅಕ್ಷರ?"

ಬಗ್ಗಿ ನೋಡಿದೆ. ಮಂಜಿನ ಹಿಂದಿನಿಂದ ಬಂದ ಹಾಗೆ, ಮಸುಕಾಗಿ, ಆದರೆ ತಪ್ಪಿಲ್ಲದಂತೆ ಅದು ಅಲ್ಲಿತ್ತು.

"ಅದು ಠ, ಅತ್ತೆ."

"ಠ," ಎಂದರು ಅವರು. ಇನ್ನೊಮ್ಮೆ ನೋಡಿ ಇನ್ನೊಮ್ಮೆ ಹೇಳಿದರು. ಆಮೇಲೆ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು. ಹಾಲೇಶ್ ಮಂಚದ ಮೇಲಿಂದ ಕೈ ಇಳಿಬಿಟ್ಟರು, ಅತ್ತೆ ಅದನ್ನು ಹಿಡಿದುಕೊಂಡರು. ಆ ಸಂಜೆಯ ಚೀಲದಲ್ಲಿ ಸಣ್ಣ ಅಕ್ಷರವೂ ಕಂಡಿತು. ಮರುದಿನ ಇಡೀ ಪುಟವನ್ನೇ ಓದಬಹುದಿತ್ತು.

ಹಾಗೆ ತಿಳಿಯಾದದ್ದನ್ನು ನಾನು ಎಷ್ಟು ಹೇಳಿದರೂ ಕಡಿಮೆಯೇ. ಯುದ್ಧವೊಂದು ನಡೆದಿತ್ತು. ಪೊರೆಯ ಮೇಲೆ ಶತ್ರುಗಳು, ಓಡಿ ಬಂದ ಬಿಳಿ ರಕ್ತಕಣಗಳು, ಔಷಧ. ಆ ಕದಡೆಲ್ಲ ಸತ್ತ ಸೈನ್ಯವೇ. ಒಂದು ಸದ್ದೂ ಹೊರಗೆ ಕೇಳಲಿಲ್ಲ. ಆ ರಣದ ಮೇಲೇ ಪೊರೆ ತನ್ನ ಕೆಲಸವನ್ನೂ ನಿಲ್ಲಿಸದೆ ಕಸ ಸೋಸುತ್ತಿತ್ತು.

ಲ್ಯಾಬಿನ ವರದಿ ಬಂದ ದಿನ ಡಾಕ್ಟರು ಮೂವರಿಗೂ ಕೇಳುವಂತೆ ಹೇಳಿದರು. ಹೊಳೆಯ ನೀರಿನ ಜೀವಿಯಲ್ಲ. ಚರ್ಮದ ಮೇಲೆ ಇರುವಂಥದ್ದು. ಎಲ್ಲರ ಚರ್ಮದ ಮೇಲೂ ಇರುತ್ತದೆ, ಸುಮ್ಮನೆ ಇರುತ್ತದೆ. ಒಳಗೆ ಹೋದರೆ ಮಾತ್ರ ಕಷ್ಟ. ಎಷ್ಟು ಎಚ್ಚರ ಇದ್ದರೂ ಒಮ್ಮೊಮ್ಮೆ ಆಗುತ್ತದೆ.

ಡಾಕ್ಟರು ಹೋದ ಮೇಲೆ ಅತ್ತೆ ಶಾಹಿದಾರ ಸೆರಗು ಹಿಡಿದ ಹಾಗೆ ಅವರ ಕೋಟಿನ ತುದಿ ಹಿಡಿದುಕೊಂಡರು. "ನಾನು ದಿನಾ ಹಣೆಗೆ ವಿಭೂತಿ ಹಚ್ತಿದ್ದೆ ತಾಯಿ. ಅದು ಉದುರಿ ಆಯ್ತಾ? ಇಲ್ಲಾ, ಹರಕೆ ತೀರಿಸಿಲ್ಲ ಅಂತ ಅಜ್ಜಯ್ಯನ ಸಿಟ್ಟಾ?"

ಊಟ ಯಾಕೆ ಸೇರುತ್ತಿರಲಿಲ್ಲ ಎಂದು ನನಗೆ ಆಗ ಗೊತ್ತಾಯಿತು.

ಶಾಹಿದಾ ಅವರ ಪಕ್ಕದಲ್ಲೇ ನೆಲದ ಮೇಲೆ ಕೂತರು. "ವಿಭೂತಿದಲ್ಲ ಅಮ್ಮಾರೆ. ಸಿಟ್ಟೂ ಅಲ್ಲ. ಇದು ನಿಮ್ಮ ಮೈ ಮ್ಯಾಲೂ ಐತೆ, ನನ್ನ ಮೈ ಮ್ಯಾಲೂ ಐತೆ. ಹುಟ್ಟಿದಾಗಿಂದ ನಮ್ಮ ಜೊತೆನೇ ಐತೆ. ಬಾಗಿಲು ಕಂಡ್ತು, ಹೋಯ್ತು. ಅದಕ್ಕೂ ಗೊತ್ತಿಲ್ಲ ತಾನೇನು ಮಾಡೀನಿ ಅಂತ."

ಅತ್ತೆ ತಮ್ಮ ಅಂಗೈಯನ್ನು ಬಿಡಿಸಿ ಬಹಳ ಹೊತ್ತು ನೋಡಿದರು. "ಇಷ್ಟು ಜನ ಇದಾರಾ ಇಲ್ಲಿ," ಎಂದರು.

ಮನೆಗೆ ಬಂದ ಮೇಲೆ ಅವರು ಮಾಡಿದ ಮೊದಲ ಕೆಲಸ, ಕೈ ತೊಳೆಯುವುದನ್ನು ನನಗೂ ಹೇಳಿಕೊಡು ಎಂದು ಕೇಳಿದ್ದು. ಬೆರಳ ಸಂದು, ಉಗುರಿನ ಬುಡ, ಹೆಬ್ಬೆರಳ ಸುತ್ತ. ಒಂದೂ ಬಿಡದೆ ಕಲಿತರು. ನಾನು ಶಾಲೆಗೆ ಹೋದಾಗ ಮಧ್ಯಾಹ್ನದ ಹೊತ್ತು ಮಾಸ್ಕ್ ಕಟ್ಟಿಕೊಂಡು ಮಗನ ಎದುರು ನಿಂತು ಕಾಯುವವರು ಅವರಾದರು.

ದೀಪಾವಳಿ ಕಳೆದು ಹೊಳೆ ಇಳಿದು ತಿಳಿಯಾದ ಮೇಲೆ ಉಕ್ಕಡಗಾತ್ರಿಗೆ ಹೋದೆವು. ಅಮಾವಾಸ್ಯೆಯ ಜನಜಂಗುಳಿ ಬೇಡವೆಂದು ಒಂದು ಸಾಧಾರಣ ದಿನ ಆರಿಸಿಕೊಂಡಿದ್ದೆವು. ಆದರೂ ಜನ ಇದ್ದರು. ಮುಳುಗಿ ಎದ್ದವರು ಹಳೆಯ ಬಟ್ಟೆಗಳನ್ನು ಹೊಳೆಯಲ್ಲೇ ಬಿಟ್ಟು ಬರುತ್ತಿದ್ದರು, ಅವು ದಡದ ಕಲ್ಲಿಗೆ ಸುತ್ತಿಕೊಂಡಿದ್ದವು. ಹಾಲೇಶ್ ಮೇಲಿನ ಮೆಟ್ಟಿಲ ಮೇಲೆ ನಿಂತರು. ಅತ್ತೆ ಒಬ್ಬರೇ ಇಳಿದು ಹೋದರು. ಎದೆಮಟ್ಟ ನೀರಿನಲ್ಲಿ ನಿಂತು ಮಗನತ್ತ ಒಮ್ಮೆ ತಿರುಗಿ ನೋಡಿ ಮುಳುಗಿದರು. ಎದ್ದು ಮತ್ತೆ ಮುಳುಗಿದರು. ಮೊದಲನೆಯದು ನನ್ನದು, ಎರಡನೆಯದು ಅವನದು ಎಂದು ಆಮೇಲೆ ಹೇಳಿದರು.

ಅವರು ಮೇಲೆ ಬರುತ್ತಿದ್ದಾಗ ಪಕ್ಕದಲ್ಲಿದ್ದ ಹಿರಿಯರೊಬ್ಬರು ಒಳ್ಳೆಯ ಮನಸ್ಸಿನಿಂದಲೇ ತಂಬಿಗೆಯಲ್ಲಿ ಹೊಳೆ ನೀರು ಹಿಡಿದು ಹಾಲೇಶ್ ಅವರ ಮೇಲೆ ಸುರಿಯಲು ಬಂದರು. "ಇಲ್ಲಿ ತನಕ ಬಂದು ಮೈ ತೋಯಿಸ್ಕೊಳ್ಳದೆ ಹೋಗ್ತಾರೇನಪ್ಪ" ಎನ್ನುತ್ತಿದ್ದರು. ಅತ್ತೆ ತೊಯ್ದ ಸೀರೆಯಲ್ಲೇ ಮೆಟ್ಟಿಲು ಹತ್ತಿ ನಡುವೆ ಬಂದು ನಿಂತರು.

"ಬ್ಯಾಡ್ರಿ ಯಜಮಾನ್ರೆ. ಅವನ ಹೊಟ್ಟೆಯಾಗೆ ಒಂದು ಬಾಗಿಲೈತೆ. ಅವನ ಪಾಲಿಂದು ನಾನು ಮುಳುಗೀನಿ. ಅಜ್ಜಯ್ಯಂಗೆ ಗೊತ್ತೈತೆ."

ಆ ಹಿರಿಯರು ಏನು ತಿಳಿದುಕೊಂಡರೋ, ತಂಬಿಗೆ ಇಳಿಸಿ ಕೈ ಮುಗಿದರು. ಅತ್ತೆ ಸೀರೆ ಬದಲಿಸಿ, ಚೀಲದಿಂದ ಸೋಪು ತೆಗೆದು, ನಾವು ಮನೆಯಿಂದ ತಂದಿದ್ದ ನೀರಿನಲ್ಲಿ ಕೈ ತೊಳೆದು ಒರೆಸಿಕೊಂಡು, ಆಮೇಲೆ ಮಗನ ಹಣೆ ಮುಟ್ಟಿದರು.

ಆ ವರ್ಷ ಮುಗಿಯುವ ಮುಂಚೆ ಒಂದು ದಿನ ಶಾಹಿದಾ ಫೋನ್ ಮಾಡಿ, ತಪಾಸಣೆಗೆ ಬರುವಾಗ ಹಾಲೇಶ್ ಸ್ವಲ್ಪ ಬೇಗ ಬರಬಹುದೇ ಎಂದು ಕೇಳಿದರು. ಆವರಗೆರೆಯ ಒಬ್ಬ ಹೆಣ್ಣುಮಗಳಿಗೆ ಕೊಳವೆ ಇಟ್ಟಿದ್ದಾರೆ, ಸೋಂಕಿನ ಮಾತು ಕೇಳಿ ಹೆದರಿ, ತೆಗೆದುಬಿಡಿ ಎಂದು ಹಟ ಹಿಡಿದಿದ್ದಾಳೆ ಎಂದರು.

ಅವಳ ಹೆಸರು ರೇಣುಕಾ. ಇಪ್ಪತ್ತೈದರ ಆಸುಪಾಸು. ಗಂಡ ಹೊರಗೆ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದ. ಇವಳು ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಹಾಲೇಶ್ ಸ್ಟೂಲು ಎಳೆದುಕೊಂಡು ಕೂತರು. ಉಪದೇಶ ಹೇಳುತ್ತಾರೇನೋ ಎಂದು ನಾನು ಕಾಯುತ್ತಿದ್ದೆ. ಅವರು ಊರಿನ ವಿಷಯ ಕೇಳಿದರು, ಹೊಲ ಎಲ್ಲಿ, ಬೋರು ಎಷ್ಟು ನೀರು ಕೊಡುತ್ತದೆ, ಯಾವ ಪಂಪು ಹಾಕಿದ್ದೀರಿ ಎಂದರು. ಪಂಪಿನ ಮಾತಿಗೆ ಅವಳು ಈ ಕಡೆ ಹೊರಳಿದಳು.

"ನಮ್ಮನೆ ಸುತ್ತ ಬರೀ ಧೂಳು ಅಣ್ಣ," ಎಂದಳು. "ಹಿಂದ್ಗಡೆನೇ ದನ. ಇವರು ಹೇಳೋ ಅಷ್ಟು ಸ್ವಚ್ಛ ನಾನು ಹೆಂಗೆ ಇರ್ಲಿ? ಒಳಗೆ ಹುಳ ಹೋಗಿ ಸಾಯೋದಕಿಂತ..."

ಹಾಲೇಶ್ ತಮ್ಮ ಎರಡೂ ಕೈಯನ್ನು ಅವಳ ಮುಂದೆ ಬಿಡಿಸಿ ಹಿಡಿದರು. "ನಾನು ದಿನಾ ಗ್ರೀಸಿನಾಗೆ ಇರ್ತೀನವ್ವ. ನನಗೂ ಹುಳ ಹೋಗಿತ್ತು. ಇದೇ ವಾರ್ಡಿನಾಗೆ, ಆ ಕಿಟಕಿ ಹತ್ರ ಮಲಗಿದ್ದೆ."

ಅವಳು ಕಿಟಕಿಯ ಕಡೆ ನೋಡಿದಳು. "ಈಗ ಭಯ ಆಗಲ್ವಾ?"

"ಆಗ್ತೈತೆ," ಎಂದರು ಹಾಲೇಶ್. "ದಿನಾ ಆಗ್ತೈತೆ. ಆ ಭಯನೇ ನನ್ನ ಕೈ ತೊಳಸ್ತೈತೆ. ತೊಳೆದಾದ ಮ್ಯಾಲೆ ಹೋಗಿ ಕೆಲಸ ಮಾಡ್ತೀನಿ."

ರೇಣುಕಾ ಕೈಯೂರಿ ಎದ್ದು ಕೂತಳು. ಕೈಬಳೆಗಳನ್ನು ಒಂದೊಂದಾಗಿ ಬಿಚ್ಚಿ ದಿಂಬಿನ ಪಕ್ಕ ಇಟ್ಟಳು. ಬಾಗಿಲಲ್ಲಿ ನಿಂತಿದ್ದ ಶಾಹಿದಾರ ಕಡೆ ತಿರುಗಿ ಕೇಳಿದಳು.

"ಸಿಸ್ಟರ್, ನಲ್ಲಿ ಎಲ್ಲೈತೆ?"